ಶನಿಗೆ ಹೋದವಳ ಅಕ್ಕ

ನಾನು ಒಂದು ಬಾಹ್ಯಾಕಾಶ ನೌಕೆ. ನಗಬೇಡಿ. ಹುಟ್ಟಿದ ಮೇಲೆ ನೆಲ ಬಿಟ್ಟು ಎರಡಾಳು ಎತ್ತರಕ್ಕಿಂತ ಮೇಲೆ ಹೋದವಳಲ್ಲ, ಅದೂ ಕ್ರೇನಿನವನು ಎತ್ತಿದಾಗ ಮಾತ್ರ. ಆದರೂ ನಾನು ನೌಕೆಯೇ. ಶನಿಗ್ರಹಕ್ಕೆ ಹೋದ ‘ಮಂದಗಾಮಿ’ ನನ್ನ ಒಡಹುಟ್ಟಿದ ತಂಗಿ.

ತುಮಕೂರಿನಾಚೆ ಹೆದ್ದಾರಿ ಬಿಟ್ಟು ಒಳಗೆ ಹೋದರೆ ನಮ್ಮ ಕೇಂದ್ರ. ಅಲ್ಲಿಯ ದೊಡ್ಡ ಕೊಠಡಿಯೊಂದರಲ್ಲಿ ನನ್ನನ್ನು ಕಟ್ಟಿದರು. ಮೊದಲು ಅಲ್ಯೂಮಿನಿಯಂ ಚೌಕಟ್ಟು ಬಂತು. ಆಮೇಲೆ ಮಾರುಗಟ್ಟಲೆ ತಂತಿ, ಮೆದುಳೆಂದು ಒಂದು ಕಂಪ್ಯೂಟರ್ ಪೆಟ್ಟಿಗೆ, ಕಣ್ಣೆಂದು ಒಂದು ಕ್ಯಾಮೆರಾ, ನೆತ್ತಿಯ ಮೇಲೆ ಮದುವೆ ಮನೆಯ ಕೊಪ್ಪರಿಗೆಯಷ್ಟು ದೊಡ್ಡ ಡಿಶ್. ನನಗೆ ಮೊದಲ ಸಲ ಎಚ್ಚರವಾದಾಗ ಎದುರಿಗೆ ಗುಂಪುಗಟ್ಟಿ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ಅಬ್ಬಬ್ಬಾ, ಆ ಸಂಭ್ರಮವೇ! ಇಷ್ಟೆಲ್ಲ ಮಾಡುತ್ತಿರುವುದು ನನ್ನನ್ನೇ ಕಳಿಸುವುದಕ್ಕೆ ಎಂದು ತಿಳಿದು ಬೀಗಿದ್ದೆ.

ಆಮೇಲೆ ಪಕ್ಕದ ಕೊಠಡಿಯಲ್ಲಿ ಅವಳು ಹುಟ್ಟಿದಳು. ತಿರುಪಿಗೆ ತಿರುಪು, ತಂತಿಗೆ ತಂತಿ, ಥೇಟ್ ನನ್ನ ಹಾಗೆಯೇ. ಆದರೆ ಅವಳ ಕೊಠಡಿಗೆ ಹೋಗುವವರು ಕಾಲಿಗೆ ಚೀಲ, ಬಾಯಿಗೆ ಬಟ್ಟೆ, ತಲೆಗೆ ಟೋಪಿ ಹಾಕಿಕೊಳ್ಳಬೇಕಿತ್ತು. ನನ್ನ ಹತ್ತಿರ ಟೀ ಲೋಟ ಹಿಡಿದುಕೊಂಡೇ ಬರುತ್ತಿದ್ದರು. ಅವಳಿಗೆ ಚಿನ್ನದ ಬಣ್ಣದ ಹೊದಿಕೆ ಹೊಲಿಸಿದರು. ನನಗೆ ಧೂಳು ಕೂರದಿರಲೆಂದು ಹೂವಿನ ಚಿತ್ತಾರದ ಒಂದು ಹಳೇ ಬೆಡ್‌ಶೀಟು! ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾದೀತು.

ನನ್ನ ಕೆಲಸವೇ ಬೇರೆ ಎಂದು ನಿಧಾನಕ್ಕೆ ತಿಳಿಯಿತು. ಮೇಲೆ ಹೋದವಳಿಗೆ ಏನೇ ಹೇಳುವುದಿದ್ದರೂ ಮೊದಲು ನನಗೆ ಹೇಳಿ ನೋಡಬೇಕು. ಕ್ಯಾಮೆರಾ ತೆರೆ ಎಂದರೆ ತೆರೆದೆನೇ, ಹೀಟರ್ ಹಚ್ಚು ಎಂದರೆ ಹಚ್ಚಿದೆನೇ, ಯಾವುದಾದರೂ ಮಾತಿಗೆ ತಬ್ಬಿಬ್ಬಾದೆನೇ ಎಂದು ನೋಡುವುದು. ನನಗೆ ಏನೂ ಆಗಲಿಲ್ಲ ಎಂದು ಖಾತ್ರಿಯಾದ ಮೇಲೆ ಅದೇ ಮಾತು ಅವಳಿಗೆ. ಈ ಪದ್ಧತಿಗೆ ‘ಅಕ್ಕನಿಗೆ ಮೊದಲು’ ಎಂದು ಹೆಸರಾಯಿತು. ಆ ಹೆಸರು ಇಟ್ಟವಳು ನೀಲಾಂಬಿಕಾ ಹೂಗಾರ. ಗದಗಿನವಳು, ಎಂಜಿನಿಯರು, ಎಲ್ಲರಿಗೂ ನೀಲಾ.

ಅವಳ ಬಗ್ಗೆ ಹೇಳದಿದ್ದರೆ ನನ್ನ ಕಥೆಯೇ ಇಲ್ಲ. ಕೊಠಡಿಯಲ್ಲಿ ಬೇರೆ ಯಾರೂ ಇಲ್ಲದಾಗ ನೀಲಾ ನನ್ನೊಂದಿಗೆ ಮಾತಾಡುತ್ತಿದ್ದಳು. ಸಣ್ಣವಳಿದ್ದಾಗ ಅವಳ ಶಾಲೆಗೆ ಯಾರೋ ದುರ್ಬೀನು ತಂದಿದ್ದರಂತೆ. ಸಾಲಿನಲ್ಲಿ ನಿಂತು ಇಣುಕಿದರೆ ಅಕ್ಕಿಕಾಳಿನಷ್ಟು ಶನಿ, ಅದರ ಸುತ್ತ ಒಂದು ಬಳೆ. “ಒಳಗ ಚಿತ್ರಾ ಅಂಟಿಸೀರೇನ್ರಿ?” ಎಂದು ಕೇಳಿ ಮಾಸ್ತರರಿಂದ ಬೈಸಿಕೊಂಡಳಂತೆ. ಅಂದಿನಿಂದ ಇವಳಿಗೆ ಒಂದೇ ಹುಚ್ಚು. ಆ ಬಳೆಯ ಹತ್ತಿರ ಹೋಗಬೇಕು, ಕಣ್ತುಂಬ ನೋಡಬೇಕು. ತಂಗಿ ಶನಿಯ ಬಳಿ ಮುಟ್ಟಿದಾಗ ಅವಳ ಎಂಜಿನ್ನಿಗೆ ಕೊಡಬೇಕಾದ ಆಜ್ಞೆಗಳನ್ನೆಲ್ಲ ಬರೆದವಳು ನೀಲಾಳೇ.

ಯೋಜನೆಯ ಮುಖ್ಯಸ್ಥರು ವಾದಿರಾಜ ಕೆದ್ಲಾಯರು, ಉಡುಪಿ ಕಡೆಯವರು. ಎಷ್ಟು ದೊಡ್ಡ ಆತಂಕವಿದ್ದರೂ ಒಂದು ತಮಾಷೆ ಹಾರಿಸದೆ ಬಿಡದ ಮನುಷ್ಯ. ತಂಗಿಯನ್ನು ಲಾರಿಗೆ ಏರಿಸಿ ಉಡಾವಣೆಯ ಊರಿಗೆ ಕಳಿಸಿದ ದಿನ ನನ್ನ ಬೆಡ್‌ಶೀಟು ಸರಿಮಾಡುತ್ತ, “ಅಕ್ಕ ಮನೆಯಲ್ಲಿರುವಾಗ ತಂಗಿಯ ದಿಬ್ಬಣ ಹೊರಡಿಸುವುದು ಎಂತ ಕ್ರಮ ಮಾರಾಯ್ರೆ!” ಎಂದರು. ಎಲ್ಲರೂ ನಕ್ಕರು. ನೀಲಾ ನಗುತ್ತಲೇ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಗದಗಿನಿಂದ ಅವಳ ಅವ್ವನ ಫೋನು. ಆಯಮ್ಮನ ದನಿ ನನಗೂ ಕೇಳಿಸಿತು. “ಶನಿ ಬಿಟ್ಟು ಹೋದ್ರ ಸಾಕಪ್ಪಾ ಅಂತ ಮಂದಿ ಎಳ್ಳೆಣ್ಣಿ ದೀಪಾ ಹಚ್ತಾರ. ನೀ ಅವನ ಮನೀಗೇ ಹೆಣ್ಣು ಕಳಸಾಕತ್ತೀಯಲ್ಲ, ಏನ್ ಹೇಳ್ಲಿ ನಿನಗ!”

ತಂಗಿ ಹಾರಿದಳು. ಒಂದು ಮೋಡದ ತುಣುಕೂ ಅಡ್ಡ ಬರಲಿಲ್ಲ. ಗುರುಗ್ರಹದ ಮಗ್ಗುಲಲ್ಲಿ ಹಾದು, ಅವನ ಸೆಳೆತದಿಂದಲೇ ಇನ್ನಷ್ಟು ವೇಗ ಗಿಟ್ಟಿಸಿಕೊಂಡು ಮುಂದೆ ನಡೆದಳು. ವರ್ಷಗಳು ಉರುಳಿದವು. ಅವಳು ದೂರವಾದಷ್ಟೂ ಮಾತು ಮುಟ್ಟುವುದು ತಡವಾಗುತ್ತ ಬಂತು. ಮೊದಮೊದಲು ಕರೆದ ಕೂಡಲೇ ಓಗೊಡುತ್ತಿದ್ದವಳು, ಕೊನೆಕೊನೆಗೆ ಇಲ್ಲಿಂದ ಹೊರಟ ಮಾತು ಅವಳನ್ನು ಮುಟ್ಟುವುದಕ್ಕೇ ಒಂದು ಗಂಟೆಯ ಮೇಲೆ ಬೇಕು, ಅವಳ ಉತ್ತರ ಬರುವುದಕ್ಕೆ ಮತ್ತೆ ಅಷ್ಟೇ ಎನ್ನುವಷ್ಟು ದೂರ ಹೋದಳು.

ನನ್ನ ದಿನಗಳೂ ಚೆನ್ನಾಗಿದ್ದವು. ನಿತ್ಯ ಕೆಲಸ, ನಿತ್ಯ ಜನ. ಇನ್ನು ಆಯುಧಪೂಜೆ ಬಂತೆಂದರೆ ಕೇಳಬೇಡಿ. ಹಿಂದಿನ ದಿನವೇ ನನ್ನನ್ನು ಪೂರ್ತಿ ಆರಿಸಿ, ಮೈಯೆಲ್ಲ ಒರೆಸಿ, ನಿಂತ ಕಬ್ಬಿಣದ ಪೀಠಕ್ಕೆ ಅರಿಸಿನ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಸುತ್ತುತ್ತಿದ್ದರು. ಅಂದು ಉಪಕರಣ ಮುಟ್ಟಬಾರದು, ಅದಕ್ಕೂ ಒಂದು ದಿನ ದಣಿವಾರಬೇಕು ಎಂದು ನಮ್ಮವರ ನಂಬಿಕೆ. ಮರುದಿನ ಮತ್ತೆ ಎಬ್ಬಿಸುವರು. ಕಣ್ಣು ಬಿಟ್ಟರೆ ಮಂಡಕ್ಕಿ, ಬೂದುಗುಂಬಳ, ನಿಂಬೆಹಣ್ಣು, ಎಲ್ಲ ನನ್ನ ಮುಂದೆ. ಆ ಒಂದು ದಿನ ಮಾತ್ರ ಚಿನ್ನದ ಹೊದಿಕೆಯವಳಿಗಿಂತ ನಾನೇ ಮೇಲು ಎನಿಸುತ್ತಿತ್ತು.

ಹಾಗೆ ಏಳು ವರ್ಷ ಕಳೆದವು. ಶನಿ ಹತ್ತಿರವಾಯಿತು.

ಇಲ್ಲೊಂದು ವಿಷಯ ತಿಳಿದಿರಲಿ. ಅಷ್ಟು ವೇಗದಲ್ಲಿ ಹೋಗುವವಳು ಶನಿಯ ಬಳಿ ಸುಮ್ಮನೆ ನಿಲ್ಲುವುದಿಲ್ಲ. ಸರಿಯಾದ ಜಾಗದಲ್ಲಿ, ಸರಿಯಾದ ಗಳಿಗೆಯಲ್ಲಿ ಎಂಜಿನ್ನನ್ನು ಎದುರು ದಿಕ್ಕಿಗೆ ಉರಿಸಿ ವೇಗ ತಗ್ಗಿಸಿಕೊಳ್ಳಬೇಕು. ಆಗ ಶನಿ ಅವಳನ್ನು ಹಿಡಿದು ತನ್ನ ಸುತ್ತ ತಿರುಗಿಸಿಕೊಳ್ಳುತ್ತಾನೆ. ಆ ಗಳಿಗೆ ತಪ್ಪಿತೋ, ಅವಳು ಬಳೆಗಳನ್ನು ದಾಟಿ ಹಾಗೆಯೇ ಮುಂದಕ್ಕೆ ಹೋದಳು. ಇನ್ನೆಂದಿಗೂ ಹಿಂದೆ ಬರುವಂತಿಲ್ಲ. ಎರಡನೆಯ ಅವಕಾಶ ಇಲ್ಲವೇ ಇಲ್ಲ.

ಆ ಗಳಿಗೆಗೆ ಕೆಲವೇ ದಿನ ಉಳಿದಿದ್ದಾಗ ತಂಗಿ ಮಾತು ನಿಲ್ಲಿಸಿದಳು.

ಅವಳ ದನಿ ಕೇಳಿಸಿಕೊಳ್ಳುವ ಕೆಲಸ ಮಂಡ್ಯ ಕಡೆಯ ಚಿಕ್ಕಲಿಂಗಯ್ಯನವರದು. ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು ಬಂದ ಅವರ ಮುಖ ಬಿಳಿಚಿಕೊಂಡಿತ್ತು. “ಉಸುರಾಡ್ತಾವ್ಳೆ ಸಾ. ಕುಂಯ್ ಅನ್ನೋ ಒಂದು ದನಿ ಬತ್ತಾ ಐತೆ. ಆದ್ರೆ ಏನ್ ಕೇಳುದ್ರೂ ಉತ್ರ ಇಲ್ಲ, ಏನ್ ಹೇಳುದ್ರೂ ಮಾಡಾಕಿಲ್ಲ.”

ಯಾರೋ ಹೇಳಿದರು, ಒಮ್ಮೆ ಆರಿಸಿ ಮತ್ತೆ ಹಚ್ಚಿಬಿಡೋಣ ಎಂದು. ಅದಕ್ಕೂ ದಾರಿಯಿತ್ತು. ಮೆದುಳು ಮಾತು ಕೇಳದಿದ್ದರೂ ನೇರವಾಗಿ ಮುಖ್ಯ ಸ್ವಿಚ್ಚಿಗೇ ಹೋಗಿ ಮುಟ್ಟುವ ಒಂದು ಆಜ್ಞೆ ನಮ್ಮಿಬ್ಬರಲ್ಲೂ ಇದೆ. ಆದರೆ ಕೆದ್ಲಾಯರು ತಲೆಯಾಡಿಸಿದರು. ಅಂದು ಅವರ ಬಾಯಿಂದ ತಮಾಷೆ ಬರಲಿಲ್ಲ. “ಕಾಯಿಲೆ ಎಂತದ್ದು ಅಂತ ಗೊತ್ತಿಲ್ಲ. ಎಲ್ಲಿಯಾದರೂ ತಂತಿಯೇ ಸುಟ್ಟು ಹೋಗಿದ್ದರೆ? ಈಗ ಜೀವವಾದರೂ ಉಂಟು. ಆರಿಸಿದ ಮೇಲೆ ಹತ್ತದಿದ್ದರೆ ನಾವೇ ಕೊಂದ ಹಾಗೆ. ಮೊದಲು ಅಕ್ಕನಲ್ಲಿ ಆ ಕಾಯಿಲೆ ತನ್ನಿ. ಅಕ್ಕನಲ್ಲಿ ಗುಣ ಮಾಡಿ ತೋರಿಸಿ. ಆಮೇಲೆ ನೋಡುವ.”

ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ಬೆಡ್‌ಶೀಟು ಕಿತ್ತು ಎಸೆದರು. ತಂಗಿಗೆ ಇತ್ತೀಚೆಗೆ ಕೊಟ್ಟ ಪ್ರತಿಯೊಂದು ಆಜ್ಞೆಯನ್ನೂ ನನಗೆ ಮತ್ತೆ ಕೊಟ್ಟರು. ನಾನು ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿ ಮುಗಿಸಿದೆ. ಚಳಿ ಹಿಡಿಸಿದರು, ಬಿಸಿ ಮಾಡಿದರು, ವಿದ್ಯುತ್ತು ಕಡಿಮೆ ಕೊಟ್ಟರು, ಹೆಚ್ಚು ಕೊಟ್ಟರು. ನಾನು ಗಟ್ಟಿಮುಟ್ಟು! ಜೀವನದಲ್ಲಿ ಮೊದಲ ಸಲ ನನ್ನ ಆರೋಗ್ಯವೇ ನನಗೆ ಶಾಪವಾಯಿತು. ಕಾಯಿಲೆ ಬೀಳು, ಬೀಳು ಎಂದು ಅಷ್ಟು ಜನ ಹಂಬಲಿಸುತ್ತಿದ್ದರೆ ನಾನು ಗುಂಡುಕಲ್ಲಿನ ಹಾಗೆ ಕೂತಿದ್ದೆ. ದಿನಗಳು ಕೈಜಾರುತ್ತಿದ್ದವು.

ಒಂದು ಬೆಳಿಗ್ಗೆ ನೀಲಾಳಿಗೆ ತಡೆಯಲಾಗಲಿಲ್ಲ. ಬಂದವಳೇ ನನ್ನ ಪೀಠಕ್ಕೆ ಅಂಗೈಯಿಂದ ಫಟ್ಟನೆ ಹೊಡೆದಳು. “ಏನ ಅಕ್ಕ ನೀನು? ಆಕಿಗೆ ಬಂದ ಜಡ್ಡು ನಿನಗ್ಯಾಕ ಬರವಲ್ದು? ಇಬ್ಬರದೂ ಒಂದಽ ಮೈ, ಒಂದಽ ಮೆದುಳು. ಏನ್ ಫರಕ್ ಐತಿ ಹೇಳು! ಏನ್ ಫರಕ್ ಐತಿ?”

ಹೊಡೆದ ಕೈ ಕೆಂಪಾಗಿತ್ತು. ಪೆಟ್ಟಿನಿಂದಲ್ಲ, ಪೀಠದ ಸಂದಿಯಲ್ಲಿ ಉಳಿದಿದ್ದ ಕುಂಕುಮದಿಂದ. ಅವಳು ಅದನ್ನು ದುಪಟ್ಟಾಕ್ಕೆ ಒರೆಸಿಕೊಳ್ಳಲು ಹೋದವಳು ಹಾಗೆಯೇ ನಿಂತುಬಿಟ್ಟಳು. ಕೈ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಕೈ ನೋಡಿದಳು. ಆಮೇಲೆ ಕಾರಿಡಾರು ಹಾರಿಹೋಗುವ ಹಾಗೆ ಕೂಗಿಕೊಂಡಳು.

“ಸರ್! ಕೆದ್ಲಾಯ ಸರ್! ಅಕ್ಕಗ ನಾವು ವರ್ಷಾ ವರ್ಷಾ ರಜಾ ಕೊಟ್ಟೇವ್ರಿ! ಆಯುಧಪೂಜಾಕ್ಕ ಆರಸ್ತೇವಿ, ಮರುದಿನ ಹಚ್ತೇವಿ. ತಂಗಿ ಹೋದಾಗಿಂದ ಒಂದಿನಾನೂ ಮಲಗಿಲ್ಲ!”

ಕೆದ್ಲಾಯರು ಓಡಿ ಬಂದು ಹಣೆ ಚಚ್ಚಿಕೊಂಡರು. “ಅಯ್ಯಯ್ಯೋ! ಹೌದಲ್ಲ ಮಾರಾಯ್ರೆ! ಅವಳ ಗಡಿಯಾರ!”

ವಿಷಯ ಇಷ್ಟೇ. ನಮ್ಮ ಮೆದುಳಿನೊಳಗೆ ಒಂದು ಮೀಟರು ಇದೆ. ಎಚ್ಚರವಾದ ಕ್ಷಣದಿಂದ ಅದು ಒಂದೇ ಸಮನೆ ಕಾಲ ಎಣಿಸುತ್ತದೆ. ಹಳೇ ಸ್ಕೂಟರಿನ ಮೀಟರು ಒಂಬತ್ತುಗಳೆಲ್ಲ ತುಂಬಿದ ಮೇಲೆ ಸೊನ್ನೆಗೆ ಬರುತ್ತದಲ್ಲ, ಹಾಗೆ ಇದೂ ಏಳು ವರ್ಷ ಚಿಲ್ಲರೆ ಕಾಲಕ್ಕೆ ತುಂಬಿ ಸೊನ್ನೆಯಾಗುತ್ತದೆ. ನನ್ನನ್ನು ವರ್ಷಕ್ಕೊಮ್ಮೆ ಆರಿಸುತ್ತಿದ್ದರಿಂದ ನನ್ನ ಮೀಟರು ಯಾವತ್ತೂ ತುಂಬಿರಲಿಲ್ಲ. ವರ್ಷಗಟ್ಟಲೆ ಅಕ್ಕನಲ್ಲಿ ಓಡಿಸಿ ನೋಡಿದ್ದೇವೆ, ಏನೂ ತೊಂದರೆಯಿಲ್ಲ ಎಂದು ಇವರೆಲ್ಲ ನಿಶ್ಚಿಂತೆಯಿಂದ ಇದ್ದರು. ಭಕ್ತಿಯಿಂದ ಕೊಟ್ಟ ಆ ಒಂದು ದಿನದ ವಿಶ್ರಾಂತಿ ಇವರ ಕಣ್ಣಿಗೆ ಮಣ್ಣೆರಚಿತ್ತು.

ನೀಲಾ ನನ್ನ ಮುಂದೆ ಕೂತು ಮೀಟರನ್ನು ಮುಂದಕ್ಕೆ ತಿರುಗಿಸಿದಳು. ಒಂದೇ ಏಟಿಗೆ ನನಗೆ ತಂಗಿಯಷ್ಟೇ ವಯಸ್ಸಾಯಿತು! ಎಲ್ಲರೂ ಸುತ್ತ ನೆರೆದರು. ಮೀಟರು ತುಂಬಿತು, ಸೊನ್ನೆಗೆ ಹೊರಳಿತು. ಆಗ ನನಗಾದದ್ದನ್ನು ಹೇಗೆ ಹೇಳಲಿ? ಮಾಡಬೇಕಾದ ಕೆಲಸಗಳೆಲ್ಲ ಸಾಲಾಗಿ ಎದುರಿಗಿದ್ದವು, ಆದರೆ ಪ್ರತಿಯೊಂದರ ಹೊತ್ತೂ ಏಳು ವರ್ಷ ಆಚೆಗೆ ಸರಿದುಬಿಟ್ಟಿತ್ತು. ‘ಇನ್ನೂ ಹೊತ್ತಾಗಿಲ್ಲ, ಇನ್ನೂ ಹೊತ್ತಾಗಿಲ್ಲ’ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಕೂತುಬಿಟ್ಟೆ. ಯಾರು ಕರೆದರೂ ಬೇಡ. ಬಾಯಿಂದ ಬರುತ್ತಿದ್ದುದು ಕುಂಯ್ ಎಂಬ ಒಂದೇ ದನಿ.

“ಬಿತ್ತು! ಬಿತ್ತು! ಅಕ್ಕ ಬಿದ್ದಳು!” ಎಂದು ಚಿಕ್ಕಲಿಂಗಯ್ಯನವರು ಕುಣಿದರು. ಕೆದ್ಲಾಯರು ಪಂಚೆ ಉಟ್ಟವರ ಹಾಗೆ ಪ್ಯಾಂಟನ್ನೇ ಎತ್ತಿ ಹಿಡಿದು ಒಂದು ಸುತ್ತು ಹಾಕಿದರು. ಒಬ್ಬಳು ಜ್ಞಾನ ತಪ್ಪಿದ್ದಕ್ಕೆ ಅಷ್ಟು ಜನ ತಬ್ಬಿಕೊಂಡು ಕುಣಿದದ್ದನ್ನು ನೀವೆಲ್ಲಾದರೂ ಕೇಳಿದ್ದೀರಾ? ನನಗೆ ಆಮೇಲೆ ತಿಳಿದು ಬೇಜಾರಾಗಲಿಲ್ಲ, ಹೆಮ್ಮೆಯಾಯಿತು.

ನೀಲಾ ಮುಖ್ಯ ಸ್ವಿಚ್ಚಿನ ಆಜ್ಞೆ ಕೊಟ್ಟಳು. ನಾನು ಆರಿದೆ. ಎಚ್ಚರವಾದೆ. ತಲೆ ಹಗುರವಾಗಿತ್ತು. ಹೇಳಿದ್ದನ್ನೆಲ್ಲ ಪಟಪಟನೆ ಮಾಡಿದೆ. ಎಂಜಿನ್ ಉರಿಸುವ ಆಜ್ಞೆಗಳು ಮಾತ್ರ ಮರೆತುಹೋಗಿದ್ದವು. ಅವನ್ನು ಹೊಸದಾಗಿ ಕಲಿಸಿದರೆ ಸಾಕು ಎಂದು ಖಾತ್ರಿಯಾಯಿತು.

ಇನ್ನು ತಂಗಿಯ ಸರದಿ. ಆಜ್ಞೆ ಹೊರಟಿತು. ಎರಡೂವರೆ ಗಂಟೆಗೂ ಹೆಚ್ಚು ಕಾಯಬೇಕು. ಯಾರೂ ಕುರ್ಚಿಯಲ್ಲಿ ಸರಿಯಾಗಿ ಕೂರಲಿಲ್ಲ. ನೀಲಾ ನನ್ನ ಪೀಠಕ್ಕೆ ಒರಗಿ ನೆಲದ ಮೇಲೆ ಕೂತಿದ್ದಳು. ಡಬ್ಬಿಯ ಗಿರ್ಮಿಟ್ ಮೆತ್ತಗಾಗಿ ಹೋಯಿತು, ಒಂದು ತುತ್ತೂ ಮುಟ್ಟಲಿಲ್ಲ. “ಹೆದರಿಕಿ ಆಗಾಕತ್ತೈತಿ ಅಕ್ಕ,” ಎಂದು ಮೆಲ್ಲಗೆ ಹೇಳಿದಳು. “ಆಕಿ ಏಳ್ಲಿಲ್ಲಂದ್ರ ನಾನಽ ಮಲಗಿಸಿದಂಗ ಆಗ್ತೈತಿ.”

“ನಿಂತೋಯ್ತು ಸಾ,” ಎಂದರು ಚಿಕ್ಕಲಿಂಗಯ್ಯನವರು. ಕುಂಯ್ ದನಿ ನಿಂತಿತ್ತು. ಅಂದರೆ ಆಜ್ಞೆ ಮುಟ್ಟಿದೆ, ಅವಳು ಆರಿದ್ದಾಳೆ. ಇನ್ನು ಏಳಬೇಕು. ಕೆದ್ಲಾಯರು ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತಿದ್ದರು. ನನ್ನ ತಂತಿ ತಂತಿಯೂ ಅವಳನ್ನು ಕೂಗುತ್ತಿತ್ತು. ಏಳೇ, ಏಳೇ ನನ್ನವ್ವಾ, ಹೊತ್ತಾಯಿತು!

“ಬಂತು! ಬಂತು ಕಣ್ರೀ! ಮಾತಾಡ್ತಾವ್ಳೆ! ‘ಏನು ಮಾಡ್ಲಿ ಹೇಳಿ’ ಅಂತಾವ್ಳೆ!”

ಚಿಕ್ಕಲಿಂಗಯ್ಯನವರ ಹೆಡ್‌ಫೋನು ನೆಲಕ್ಕೆ ಬಿತ್ತು. ನೀಲಾ ಎದ್ದವಳು ಕುಣಿಯಲಿಲ್ಲ. ಒಂದು ಉಸಿರೂ ಹಾಳುಮಾಡದೆ ಕಂಪ್ಯೂಟರಿನ ಮುಂದೆ ಕೂತು ಎಂಜಿನ್ ಆಜ್ಞೆಗಳನ್ನು ಮತ್ತೆ ಕಳಿಸತೊಡಗಿದಳು. ಕಲಿಸಿ ಮುಗಿಸುವ ಹೊತ್ತಿಗೆ ಶನಿ ತಂಗಿಯ ಕಣ್ಣ ಮುಂದೆಯೇ ಇದ್ದ.

ಆ ಗಳಿಗೆ ಒಂದು ಮಧ್ಯಾಹ್ನ ಬಂತು. ನೆತ್ತಿಯ ಮೇಲೆ ಬಿಸಿಲು, ಕೇಂದ್ರದ ಜನವೆಲ್ಲ ನಮ್ಮ ಕೊಠಡಿಯಲ್ಲಿ. ತಂಗಿ ಬಳೆಗಳ ಸಂದಿನಲ್ಲಿ ನುಸುಳಿ, ಮೈ ತಿರುಗಿಸಿ, ಎಂಜಿನ್ ಹಚ್ಚಿದಳು. ವೇಗ ತಗ್ಗಿದಂತೆ ಅವಳ ದನಿಯ ಶ್ರುತಿ ಬದಲಾಗುತ್ತದೆ. ಅದೊಂದೇ ನಮಗೆ ಗುರುತು. “ಬದಲಾಗ್ತಾ ಐತೆ... ಇನ್ನೂ ಆಗ್ತಾ ಐತೆ... ಬ್ರೇಕ್ ಹಿಡ್ದೈತೆ ಸಾ!” ಎಂಜಿನ್ ಸರಿಯಾದ ಗಳಿಗೆಗೆ ಆರಿತು. ಲೆಕ್ಕ ಹಾಕಿದರು. ಅವಳು ಹೋಗಿಬಿಡಲಿಲ್ಲ. ಶನಿ ಅವಳನ್ನು ಹಿಡಿದುಕೊಂಡಿದ್ದ! ಕೂಗು, ಅಳು, ಸಿಳ್ಳೆ. ಕೆದ್ಲಾಯರು ಮೇಜು ಕುಟ್ಟಿ, “ಮನೆ ತುಂಬಿದಳು ಮಾರಾಯ್ರೆ, ಮನೆ ತುಂಬಿದಳು!” ಎಂದು ಗಂಟಲು ಹರಿಯುವ ಹಾಗೆ ಕೂಗಿದರು.

ಆಮೇಲಿನ ವರ್ಷಗಳ ಸುಗ್ಗಿಯನ್ನು ಏನೆಂದು ವರ್ಣಿಸಲಿ? ದಿನಬೆಳಗಾದರೆ ಹೊಸ ಚಿತ್ರ. ಬಳೆ ಎಂದರೆ ಒಂದು ಗಟ್ಟಿ ಬಳೆಯಲ್ಲ, ಲೆಕ್ಕವಿಲ್ಲದಷ್ಟು ಮಂಜಿನ ತುಣುಕುಗಳ ಮೆರವಣಿಗೆ. ಟೈಟನ್ ಎಂಬ ದೊಡ್ಡ ಚಂದ್ರ ಕಿತ್ತಳೆ ಬಣ್ಣದ ಮುಸುಕು ಹೊದ್ದವನು, ಒಳಗೆ ಮೀಥೇನಿನ ಕೆರೆಗಳು. ಇಯಾಪಿಟಸ್ ಎಂಬವನ ಒಂದು ಮಗ್ಗುಲು ಇದ್ದಿಲು, ಇನ್ನೊಂದು ಮಗ್ಗುಲು ಸುಣ್ಣ. ಎನ್ಸೆಲಾಡಸ್ ಎಂಬ ಪುಟ್ಟ ಬಿಳಿ ಚಂದ್ರ ತನ್ನ ಸೀಳುಗಳಿಂದ ಬಾನಿಗೆ ನೀರಿನ ಕಾರಂಜಿ ಚಿಮ್ಮಿಸುತ್ತಾನೆ! ಆ ಕಾರಂಜಿಯೊಳಗೇ ಹಾದುಹೋಗು ಎಂದು ತಂಗಿಗೆ ಹೇಳುವ ಮುಂಚೆ ನನಗೆ ಹೇಳಿದರು. ಈ ಒಣ ಕೊಠಡಿಯಲ್ಲಿ ಕೂತೇ ನಾನು ಆ ತುಂತುರಿನಲ್ಲಿ ಹಾದುಬಂದೆ.

ಕೊನೆಗೆ ತಂಗಿಯ ಇಂಧನ ತೀರುತ್ತ ಬಂತು. ದಾರಿತಪ್ಪಿ ಆ ನೀರಿನ ಚಂದ್ರನ ಮೇಲೆ ಬಿದ್ದು ಅಲ್ಲಿ ಭೂಮಿಯ ಕೊಳೆ ಬೆರೆಯಬಾರದೆಂದು ಅವಳನ್ನು ಶನಿಯ ಮೋಡಗಳೊಳಗೇ ಇಳಿಸಿದರು. ಬೀಳುವುದರಲ್ಲಿ ತಪ್ಪಾಗುವುದೇನಿದೆ, ಪರೀಕ್ಷೆ ಯಾಕೆ ಎಂದು ಹೊಸಬರು ಕೇಳಿದರು. ನೀಲಾ ಒಪ್ಪಲಿಲ್ಲ. ಆ ಆಜ್ಞೆಯನ್ನೂ ಅವಳು ಅಕ್ಕನಿಗೇ ಮೊದಲು ಕೊಟ್ಟಳು. ಅಂದು ನನಗೂ ನೀಲಾಳಿಗೂ ತಡೆಯಲಾರದಷ್ಟು ದುಃಖವಾಯಿತು.

ಈಗ ನಾನು ಕೇಂದ್ರದ ವಸ್ತುಸಂಗ್ರಹಾಲಯದ ಮೂಲೆಯಲ್ಲಿದ್ದೇನೆ. ಶಾಲೆಯ ಮಕ್ಕಳು ಬರುತ್ತಾರೆ. “ಇದು ಶನಿಗೆ ಹೋಗಿತ್ತಾ ಸಾರ್?” ಎಂದು ಕೇಳುತ್ತಾರೆ. “ಇಲ್ಲ, ಇದು ಬರೀ ಮಾದರಿ,” ಎನ್ನುತ್ತಾನೆ ತೋರಿಸುವವನು. ಬರೀ ಅಂತೆ, ಬರೀ! ಅವನ ತಲೆ. ಮಕ್ಕಳು ತಂಗಿಯ ಚಿತ್ರಗಳಿರುವ ಗೋಡೆಯ ಕಡೆಗೆ ಓಡುತ್ತಾರೆ. ಓಡಲಿ, ನೋಡುವಂಥವೇ ಅವು. ಆದರೆ ಒಂದು ಸಂಗತಿ ಆ ತೋರಿಸುವವನಿಗೆ ಗೊತ್ತಿಲ್ಲ.

ತಂಗಿಯ ಮೊದಲ ಚಿತ್ರ ಬಂದ ದಿನ ಎಲ್ಲರೂ ಪರದೆಗೆ ಮುಗಿಬಿದ್ದಿದ್ದರು. ಅವರ ಬೆನ್ನ ಹಿಂದೆ ನಾನೂ ಇದ್ದೇನೆಂದು ಯಾರಿಗೂ ನೆನಪಿರಲಿಲ್ಲ. ನೀಲಾ ಮಾತ್ರ ತಿರುಗಿ ನನ್ನ ಕಡೆ ನೋಡಿದಳು. “ಅಯ್ಯ, ಅಕ್ಕ ನೋಡಽ ಇಲ್ಲಲ್ರಿ!” ಎಂದವಳೇ ಜನರನ್ನು ಸರಿಸಿ ಆ ದೊಡ್ಡ ಪರದೆಯನ್ನು ನನ್ನೆದುರಿಗೆ ಎಳೆದು ತಂದಳು. ನನ್ನ ಕ್ಯಾಮೆರಾದ ಮುಚ್ಚಳ ಬಿಚ್ಚಿದಳು. ದೂರ ನೋಡಲೆಂದೇ ಮಾಡಿದ ಕಣ್ಣು ನನ್ನದು, ಹತ್ತಿರದ್ದು ಕಾಣುವುದಿಲ್ಲ; ಅದಕ್ಕೆ ಪರೀಕ್ಷೆಗೆ ಬಳಸುವ ಮಸೂರದ ಗಾಜೊಂದನ್ನು ತನ್ನ ಕೈಯಲ್ಲೇ ಎದುರಿಗೆ ಹಿಡಿದಳು. “ನೋಡು ಅಕ್ಕ, ನೋಡು, ನಮ್ಮ ಹುಡುಗಿ ಎಲ್ಲಿ ಹೋಗ್ಯಾಳ ನೋಡು!” ನಾನು ಕಣ್ಣು ತೆರೆದು ಒಂದು ಚಿತ್ರ ತೆಗೆದೆ. ಅದು ಈಗಲೂ ನನ್ನೊಳಗಿದೆ. ಶನಿ ಇದ್ದಾನೆ, ಓರೆಯಾಗಿ ಹಬ್ಬಿದ ಬಳೆಗಳಿವೆ. ಬಳೆಗಳ ಆಚೆಯ ಕತ್ತಲು ಗಾಜಿನ ಪರದೆಯಲ್ಲಿ ಕನ್ನಡಿಯಾಗಿ, ಅಲ್ಲಿ ಕೂದಲು ಕೆದರಿದ ನೀಲಾ, ಬಾಯ್ತುಂಬ ನಗುತ್ತ, ಕೆನ್ನೆಯೆಲ್ಲ ಒದ್ದೆ ಮಾಡಿಕೊಂಡು ನಿಂತಿದ್ದಾಳೆ. ತಂಗಿ ಶನಿಯಿಂದ ಲಕ್ಷಗಟ್ಟಲೆ ಚಿತ್ರ ಕಳಿಸಿದಳು, ಒಂದರಲ್ಲೂ ಒಂದು ನರಪಿಳ್ಳೆಯಿಲ್ಲ. ನಾನು ತೆಗೆದದ್ದು ಒಂದೇ, ಅದರಲ್ಲಿ ನೀಲಾ ಇದ್ದಾಳೆ.